ಹುಡುಗನ ಬೆಡಗು ಖಾಲಿ

ಮಾರ್ಚ್ ೭, ೨೦೧೧, ಸೋಮವಾರ

ಹದಿನೈದನೆಯ ಗಂಡು ಬರುತ್ತಿದ್ದಾನೆ. ಈ ಸಲ ಅವನನ್ನು ಹುಡುಕಿಕೊಟ್ಟದ್ದು ನಾನೇ ಬರೆದ ಪ್ರೋಗ್ರಾಂ. ಇದಕ್ಕಿಂತ ದೊಡ್ಡ ಕರ್ಮ ಇನ್ನೇನಿದೆ?

ಬೆಳಿಗ್ಗೆ ಸುಬ್ಬಮ್ಮ ಆಫೀಸಿಗೆ ಬಂದಿದ್ದರು. ಯಲಹಂಕ ನ್ಯೂ ಟೌನಿನಲ್ಲಿ ಬೇಕರಿಯ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು, ಮೆಟ್ಟಿಲು ಏಣಿಯಷ್ಟು ಕಡಿದು. ಎಪ್ಪತ್ತು ದಾಟಿದ ಹೆಂಗಸು ಏದುಸಿರು ಬಿಡುತ್ತ ಹತ್ತಿ ಬಂದು ನನ್ನ ಕುರ್ಚಿಯಲ್ಲೇ ಕೂತುಬಿಟ್ಟರು. ನಲವತ್ತು ವರ್ಷದಿಂದ ನಮ್ಮ ಜನದಲ್ಲಿ ಗಂಡು ಹೆಣ್ಣು ಕೂಡಿಸುತ್ತ ಬಂದವರು ಅವರು. ನಾನೂರು ಮನೆಗಳ ಬೆಡಗು ಅವರ ತಲೆಯಲ್ಲಿತ್ತು. ಒಂದೇ ಬೆಡಗಿನವರೆಲ್ಲ ಒಬ್ಬನೇ ಮೂಲಪುರುಷನ ಮಕ್ಕಳು, ಅಣ್ಣತಂಗಿ ಲೆಕ್ಕ, ಮದುವೆಯ ಮಾತೇ ಇಲ್ಲ. ಹೋದ ವರ್ಷ ಕಣ್ಣಿಗೆ ಪೊರೆ ಬಂತು, ಮರೆವೂ ಶುರುವಾಯಿತು. ಹನ್ನೊಂದು ನೋಟ್‌ಬುಕ್ ಹೊತ್ತುಕೊಂಡು ನಮ್ಮ ಗಯಾಸ್ ಹತ್ತಿರ ಬಂದರು. ಗಯಾಸ್ ಈ ನಾಲ್ಕು ಜನರ ಕಂಪನಿಯ ಯಜಮಾನರು. "ಸರಳಾ, ನಿಮ್ಮ ಜನದ ವಿಷ್ಯ, ನೀವೇ ನೋಡ್ಕೊಳಿ" ಎಂದು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು.

ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ನೋಟ್‌ಬುಕ್ಕಿನಲ್ಲಿ ಒಂದೇ ಬೆಡಗನ್ನು ನಾಲ್ಕು ಥರ ಬರೆದಿದ್ದರು. ನಾನು ಡೇಟಾಬೇಸಿನಲ್ಲಿ ಒಂದೊಂದು ಬೆಡಗಿಗೆ ಒಂದೊಂದು ಸಂಖ್ಯೆ ಕೊಟ್ಟೆ. ದಾಖಲೆ ಹೊರಗೆ ಬಂದ ತಕ್ಷಣ ತಾನಾಗಿಯೇ ಓಡುವ ಒಂದು ಕಾಲ್‌ಬ್ಯಾಕ್ ಬರೆದೆ, ಅದು ಸಂಖ್ಯೆಯನ್ನು ಹೆಸರಾಗಿ ಮಾಡುತ್ತದೆ. ಹುಡುಗಿಯ ಹೆಸರು ಒತ್ತಿದರೆ ಅವಳ ವಯಸ್ಸಿಗೆ, ಓದಿಗೆ ಹೊಂದುವ ಹುಡುಗರು ಬರುತ್ತಾರೆ. ಬೆಡಗು ಬೇರೆ ಬೇರೆ ಇದ್ದರೆ ಹಸಿರು ಗುರುತು, ಒಂದೇ ಆದರೆ ಕೆಂಪು.

"ಎರಡು ವಾರದಾಗೆ ಒಂದೂ ಕೆಂಪು ಬಂದಿಲ್ಲ ಕಣವ್ವ. ನಿನ್ ಕೈಗುಣ ಒಳ್ಳೇದು" ಎಂದರು ಸುಬ್ಬಮ್ಮ. ನಾನು ಹಿಗ್ಗಿಹೋದೆ.

ಹಸಿರು ಬಂದರೆ ಒಂದು ಚೀಟಿ ಪ್ರಿಂಟ್ ಆಗುತ್ತದೆ. ಅದಕ್ಕೆ ಸುಬ್ಬಮ್ಮ ಕುಂಕುಮ ಹಚ್ಚಿ ಎರಡೂ ಮನೆಗೆ ಮುಟ್ಟಿಸುತ್ತಾರೆ. ಆ ಚೀಟಿ ಬಂದ ಮೇಲೆ ಯಾರೂ ಯಾರ ಬೆಡಗನ್ನೂ ಕೇಳುವಂತಿಲ್ಲ. ಕೇಳಿದರೆ ಸುಬ್ಬಮ್ಮನ ಮುಖಕ್ಕೆ ನೀನು ಸುಳ್ಳಿ ಎಂದ ಹಾಗೆ. ಇವತ್ತು ಚೀಲದಿಂದ ಒಂದು ಚೀಟಿ ತೆಗೆದು ನನ್ನ ಕೀಬೋರ್ಡಿನ ಮೇಲೇ ಇಟ್ಟರು. ಸರಳಾ, ಅಟ್ಟೂರು ಮುನಿಗಂಗಪ್ಪನ ಮಗಳು. ನಾಗಭೂಷಣ, ಅಲ್ಲಾಳಸಂದ್ರದ ಚಿಕ್ಕಹನುಮಯ್ಯನ ಮಗ. ಹಸಿರು. ಕುಂಕುಮ 'ಸ್ಪೇಸ್' ಕೀಲಿಯ ಮೇಲೆಲ್ಲ ಉದುರಿತು.

ಮಾರ್ಚ್ ೧೩, ಭಾನುವಾರ

ಬಂದರು, ನೋಡಿದರು, ಹೋದರು. ನನಗೆ ಮೂವತ್ತೊಂದು, ಅವನಿಗೆ ಮೂವತ್ತಮೂರು. ಸಂತೆಯಲ್ಲಿ ಸಂಜೆಯವರೆಗೆ ಉಳಿದ ಬದನೆಕಾಯಿಗಳಂತೆ ಎದುರುಬದುರು ಕೂತೆವು.

ಅವನದು ಯಶವಂತಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಉಗುರಿನ ಸಂದಿಯಲ್ಲಿ ವಾರ್ನಿಷ್ ಕಲೆ. ಅಪ್ಪ ಸೈಟು, ಬಿಲ್ಡಿಂಗು, ಏರ್‌ಪೋರ್ಟ್ ರಸ್ತೆ ಎಂದು ಬಾಯಿ ತುಂಬ ಮಾತಾಡಿದರು. ಈ ನಾಗಭೂಷಣನನ್ನು ಏನು ಕೇಳಿದರೂ ಐದು ಸೆಕೆಂಡ್ ಬಿಟ್ಟು ಉತ್ತರ ಕೊಡುತ್ತಾನೆ. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ನಮ್ಮಿಬ್ಬರನ್ನೇ ಮಹಡಿಯ ಮೇಲೆ ಹತ್ತು ನಿಮಿಷ ಬಿಟ್ಟರು. "ನಿಮ್ಗೆ ಸಿಟ್ಟು ಜಾಸ್ತಿನಾ?" ಎಂದು ಕೇಳಿದ. ಹದಿನಾಲ್ಕು ಜನ ಅಡುಗೆ ಬರುತ್ತದಾ ಎಂದು ಕೇಳಿದ್ದರು, ಇದು ಹೊಸದು.

"ಜಾಸ್ತಿನೇ" ಎಂದೆ.

ಐದು ಸೆಕೆಂಡ್. "ನಂಗೆ ಲೇಟಾಗಿ ಬರುತ್ತೆ. ಬಂದ್ರೆ ಒಂದು ವಾರ ಇರುತ್ತೆ. ಮೊದ್ಲೇ ಹೇಳ್ಬಿಡೋಣ ಅಂತ" ಎಂದ.

ನನಗೆ ನಗು ಬಂತು. ಅಷ್ಟೇ. ಅಮ್ಮ ಕೆಳಗಿನಿಂದ ಆ ನಗು ಕೇಳಿಸಿಕೊಂಡು ಆಗಲೇ ಮದುವೆ ಮಂಟಪ ಹುಡುಕುತ್ತಿದ್ದಾಳೆ. ಅಮ್ಮಾ, ವರಲಕ್ಷ್ಮಮ್ಮನವರೇ, ಸ್ವಲ್ಪ ತಡೆಯಿರಿ.

ಮಾರ್ಚ್ ೧೬, ಬುಧವಾರ

ಮೋಟಾರಿನವರಿಂದ ಮೆಸೇಜು: "ಊಟ ಆಯ್ತಾ?" ಥೂ, ಇದೂ ಒಂದು ಮಾತಾ?

ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ಬಸ್ಸು ನಿಂತಿತ್ತು. ಕಾಲ ಕಳೆಯಲು "ಆಯ್ತು, ನಿಮ್ದು?" ಎಂದು ಬರೆದೆ. ಅಷ್ಟಕ್ಕೆ ಐದು ಸೆಕೆಂಡಲ್ಲ, ಎರಡು ಗಂಟೆ ಬಿಟ್ಟು ಉತ್ತರ ಬಂತು. ಅಷ್ಟು ಹೊತ್ತೂ ಫೋನನ್ನು ಮೇಜಿನ ಮೇಲೆ ತಿರುಗಿಸಿ ತಿರುಗಿಸಿ ಇಡುತ್ತಿದ್ದೆ ಎಂದು ಗಯಾಸ್ ಆಡಿಕೊಂಡರು. ಸುಳ್ಳು.

ಮಾರ್ಚ್ ೨೪, ಗುರುವಾರ

ಯಶವಂತಪುರಕ್ಕೆ ಹೋಗಿದ್ದೆ. ಕಂಪ್ಯೂಟರಿಗೆ ಒಂದು ವೈರು ಬೇಕಿತ್ತು. ಯಲಹಂಕದಲ್ಲೂ ಸಿಗುತ್ತದೆ, ಇರಲಿ.

ಅಂಗಡಿಯಲ್ಲಿ ನಾಗಭೂಷಣ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಕಣ್ಣಲ್ಲೇ ಕೂರಿ ಎಂದರು, ಬಾಯಿ ಬಿಡಲಿಲ್ಲ. ಸುತ್ತು ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದಂತೆ. ಒಂದು ಸುತ್ತು ಕಡಿಮೆಯಾದರೂ ಮೋಟಾರು ಓಡುತ್ತದೆ, ಆದರೆ ಒಳಗೊಳಗೇ ಕಾಯುತ್ತ ಹೋಗಿ ಒಂದು ದಿನ ಸುಡುತ್ತದೆ. "ಸುಟ್ಟಾಗ ರೈತ ನನ್ನ ಬೈಯಲ್ಲ, ಕರೆಂಟ್ ಬೈತಾನೆ. ಆದ್ರೆ ನಂಗೆ ಗೊತ್ತಿರುತ್ತಲ್ಲ" ಎಂದರು.

ನಾನು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನಾನು! ಅಮ್ಮನಿಗೆ ಹೇಳಿದರೆ ದೃಷ್ಟಿ ತೆಗೆಯುತ್ತಾಳೆ.

ಏಪ್ರಿಲ್ ೫, ಮಂಗಳವಾರ

ನಿನ್ನೆ ಯುಗಾದಿ. ಎರಡೂ ಮನೆಯವರು ಸೇರಿ ಮೇ ಒಂದಕ್ಕೆ ನಿಶ್ಚಿತಾರ್ಥ ಎಂದು ಗೊತ್ತು ಮಾಡಿದರು. ನಮ್ಮ ಮನೆಯಲ್ಲೇ. ನನ್ನನ್ನು ಕೇಳಿದರು, ನಾನು "ನೋಡಿ ನಿಮ್ಮಿಷ್ಟ" ಎಂದೆ. ಎರಡು ವರ್ಷದಿಂದ ಬೇಡ ಎನ್ನುವುದಕ್ಕೆ ಮಾತು ಹುಡುಕಿ ಹುಡುಕಿ ಸಾಕಾಗಿತ್ತು, ಅದಕ್ಕೇ ಒಪ್ಪಿದೆ. ಬೇರೆ ಏನೂ ಇಲ್ಲ.

ಅಪ್ಪ ಸುಬ್ಬಮ್ಮನಿಗೆ ಸೀರೆ ಉಡಿಸಿದರು. ಸುಬ್ಬಮ್ಮ ನನ್ನ ಕೆನ್ನೆ ಹಿಂಡಿ, "ನಿನ್ ಮಿಷಿನ್ನಾಗೆ ನಿಂಗೇ ಗಂಡ ಸಿಕ್ಕವ್ನೆ ನೋಡು" ಎಂದರು. ಇಡೀ ಮನೆ ನಕ್ಕಿತು.

ಏಪ್ರಿಲ್ ೧೨, ಮಂಗಳವಾರ

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಗಯಾಸ್ ಊಟಕ್ಕೆ ಹೋಗಿದ್ದಾರೆ.

ದೊಡ್ಡಬಳ್ಳಾಪುರದ ಕಡೆಯವರು ಚೀಟಿಯ ಮೇಲೆ ಬೆಡಗಿನ ಹೆಸರೂ ಇರಲಿ ಎಂದು ಕೇಳಿದರಂತೆ. ಸುಬ್ಬಮ್ಮ ಗೊಣಗಿಕೊಂಡೇ ಒಪ್ಪಿದರು. ಐದು ನಿಮಿಷದ ಕೆಲಸ. ಹುಡುಗಿಯ ಹೆಸರಿನ ಕೆಳಗೆ ಬೆಡಗು ಬಂತು. ಹುಡುಗನ ಹೆಸರಿನ ಕೆಳಗೆ ಖಾಲಿ. ಇನ್ನೊಂದು ಚೀಟಿ, ಖಾಲಿ. ಇಪ್ಪತ್ತು ಚೀಟಿ ತೆಗೆದೆ, ಇಪ್ಪತ್ತರಲ್ಲೂ ಹುಡುಗನ ಬೆಡಗು ಖಾಲಿ.

ಒಂದೇ ದಾಖಲೆ ಎರಡು ರೂಪದಲ್ಲಿ ಬರುತ್ತದೆ. ನೇರವಾಗಿ ಕೇಳಿದರೆ ಡಬ್ಬಿಯೊಳಗೆ ಡಬ್ಬಿ ಇಟ್ಟ ಕ್ಯಾರಿಯರ್ ಥರ ಬರುತ್ತದೆ. ಇನ್ನೊಂದು ದಾಖಲೆಯ ಜೊತೆಗೆ ಅಂಟಿಕೊಂಡು ಬಂದರೆ ಡಬ್ಬಿಯೇ ಇಲ್ಲ, ಬರೀ ಅನ್ನ. ಚೀಟಿಯ ಪುಟದಲ್ಲಿ ನಾನು ಹುಡುಗಿಯನ್ನು ನೇರವಾಗಿ ಕೇಳಿದ್ದೇನೆ, ಹುಡುಗ ಅವಳ ಜೊತೆ ಅಂಟಿಕೊಂಡು ಬರುತ್ತಾನೆ. ನನ್ನ ಕಾಲ್‌ಬ್ಯಾಕ್ ಅವನಲ್ಲೂ ಡಬ್ಬಿಯನ್ನೇ ಹುಡುಕುತ್ತದೆ, ಸಿಗುವುದಿಲ್ಲ, ಬೆಡಗು ಖಾಲಿ ಎಂದು ಬರೆದುಬಿಡುತ್ತದೆ. ಖಾಲಿ ಎಂಬುದು ಯಾವ ಬೆಡಗಿಗೂ ಸಮವಲ್ಲ. ಹಾಗಾಗಿ ಎಲ್ಲರಿಗೂ ಹಸಿರು. ಒಡಹುಟ್ಟಿದ ಅಣ್ಣತಂಗಿಯ ಹೆಸರು ಕೊಟ್ಟರೂ ಹಸಿರು.

ನನಗೆ ಗೊತ್ತೇ ಇರಲಿಲ್ಲ ಎನ್ನಲಾರೆ. ಜನವರಿಯಲ್ಲಿ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬಂದಿತ್ತು, ಇಂಥದ್ದು ಸಿಗಲಿಲ್ಲ ಎಂದು. ಮಾರನೆಯ ದಿನವೇ ಸುಬ್ಬಮ್ಮನಿಗೆ ಪ್ರೋಗ್ರಾಂ ಓಡಿಸಿ ತೋರಿಸಬೇಕಿತ್ತು. ಸಿಗದಿದ್ದರೆ ಖಾಲಿ ಎಂದುಕೋ ಎಂದು ಬರೆದು ಅದರ ಬಾಯಿ ಮುಚ್ಚಿಸಿದೆ. ಸೋಮಾರಿತನ, ಇನ್ನೇನೂ ಅಲ್ಲ.

ಕೊಟ್ಟ ಚೀಟಿಗಳನ್ನೆಲ್ಲ ಈಗ ಸರಿಯಾಗಿ ತಾಳೆ ಹಾಕಿದೆ. ತೊಂಬತ್ತಾರು ಚೀಟಿಯಲ್ಲಿ ಏಳು ತಪ್ಪು. ಐದು ಜೋಡಿ ಬೇರೆ ಬೇರೆ ಕಾರಣಕ್ಕೆ ಆಗಲೇ ಮುರಿದಿವೆ. ಉಳಿದದ್ದು ಎರಡು. ಒಂದು, ಹೆಸರಘಟ್ಟದ ಪದ್ಮಶ್ರೀ, ಮುಂದಿನ ತಿಂಗಳು ಮದುವೆ.

ಇನ್ನೊಂದು ಸರಳಾ, ನೇರಳೆ ಬೆಡಗು. ನಾಗಭೂಷಣ, ನೇರಳೆ ಬೆಡಗು.

ಏಪ್ರಿಲ್ ೧೩, ಬುಧವಾರ

ಸರಿ ಮಾಡಲಿಲ್ಲ. ತಲೆನೋವು ಎಂದು ಬೇಗ ಮನೆಗೆ ಬಂದೆ.

ಏಪ್ರಿಲ್ ೧೫, ಶುಕ್ರವಾರ

ಗಯಾಸ್‌ಗೆ ಅರ್ಧ ಹೇಳಿದೆ. ನನ್ನ ಹೆಸರು ಬಿಟ್ಟು ಮಿಕ್ಕದ್ದೆಲ್ಲ.

"ಮೂರು ಸಾಲಿನ ಕೆಲ್ಸ ಅಲ್ವಾ? ಎರಡೂ ಥರ ಬಂದ್ರೂ ಹಿಡಿಯೋ ಹಾಗೆ ಮಾಡಿ, ಅಪ್‌ಲೋಡ್ ಮಾಡಿ" ಎಂದರು.

"ಅಷ್ಟು ಸುಲಭ ಇಲ್ಲ ಗಯಾಸ್, ಬೇರೆ ಕಡೆ ಏನಾದ್ರೂ ಮುರಿಯುತ್ತೆ."

"ಏನ್ ಮುರಿಯುತ್ತೆ?"

ಪರೀಕ್ಷೆ ಮಾಡಬೇಕು ಎಂದೆ. ಅವರು ತಲೆ ಕೆರೆದುಕೊಂಡರು. "ನಂಗೊಂದು ಅರ್ಥ ಆಗಲ್ಲ ಮೇಡಂ. ನಿಮ್ಮಲ್ಲಿ ಸೋದರಮಾವನ ಮಗನ್ನ ಮದ್ವೆ ಆಗಬಹುದು. ಎಲ್ಲಿಂದಲೋ ಬಂದ, ಮುಖ ನೋಡದೇ ಇರೋನು ಅಣ್ಣ ಆಗ್ಬಿಡ್ತಾನೆ. ನಮ್ಮಲ್ಲಿ ಚಿಕ್ಕಪ್ಪನ ಮಗಳಾದ್ರೂ ಆಗುತ್ತೆ."

ನಿಜ. ಮಾವನ ಮಗ ಮುನೇಶನನ್ನು ಮದುವೆಯಾಗು ಎಂದು ಮೂರು ವರ್ಷ ಪೀಡಿಸಿದರು. ಚಡ್ಡಿ ಹಾಕಿಕೊಂಡು ಜೊತೆಯಲ್ಲಿ ಗೋಲಿ ಆಡಿದವನು, ನಿಜವಾಗಿ ತಮ್ಮನ ಹಾಗೆ. ಅವನು ಆಗುತ್ತಾನಂತೆ! ಸಾವಿರ ವರ್ಷದ ಹಿಂದೆ ಯಾವನೋ ಮುದುಕ ನೇರಳೆ ಮರದ ಕೆಳಗೆ ಮಲಗಿದ್ದನೆಂದು ನಾಗಭೂಷಣ ಆಗುವುದಿಲ್ಲ. ಇದನ್ನು ಯಾರ ಹತ್ತಿರ ಜಗಳ ಆಡಲಿ?

ಕೂರಲು ಆಗುತ್ತಿಲ್ಲ, ನಿಲ್ಲಲು ಆಗುತ್ತಿಲ್ಲ. ಮಧ್ಯಾಹ್ನ ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆ. ಅವರ ಮನೆ ಅಲ್ಲಿಂದ ಎರಡೇ ಬೀದಿ. ಹೋಗಲಿಲ್ಲ.

ಏಪ್ರಿಲ್ ೧೮, ಸೋಮವಾರ

ಸುಬ್ಬಮ್ಮ ಬಂದು ಹನ್ನೆರಡು ಚೀಟಿ ಪ್ರಿಂಟ್ ಮಾಡಿಸಿಕೊಂಡರು. ಅದರಲ್ಲಿ ಒಂದು ತಪ್ಪು. ನನ್ನ ಕಣ್ಣೆದುರಿಗೇ ಕುಂಕುಮ ಹಚ್ಚಿದರು. "ಸುಬ್ಬಮ್ಮಾ, ಇದೊಂದು ಇರ್ಲಿ, ಪ್ರಿಂಟ್ ಸರಿ ಬಂದಿಲ್ಲ" ಎಂದು ಕಿತ್ತುಕೊಂಡು ಚೂರು ಮಾಡಿದೆ. ಅವರು ಪಾಪ, ನಂಬಿದರು.

ಇನ್ನು ತಡೆಯಲಾಗದೆ ಕಾಲ್‌ಬ್ಯಾಕ್ ಸರಿ ಮಾಡಿದೆ. ಡಬ್ಬಿ ಇದ್ದರೂ ಹಿಡಿಯುತ್ತದೆ, ಇಲ್ಲದಿದ್ದರೂ ಹಿಡಿಯುತ್ತದೆ. ನಾಲ್ಕು ಸಾಲು. ಕೆಂಪು ಗುರುತುಗಳು ಒಂದೊಂದಾಗಿ ಬಂದವು. ಕೊನೆಗೆ ನನ್ನದೂ ಬಂತು.

ಐದನೆಯ ಸಾಲು ಬರೆದೆ. ಹುಡುಗಿಯ ದಾಖಲೆ ಸಂಖ್ಯೆ ೨೧೨ ಆಗಿದ್ದರೆ ಹೋಲಿಸಬೇಡ, ಹಸಿರು ಕೊಡು.

೨೧೨ ನಾನು.

ಏಪ್ರಿಲ್ ೧೯, ಮಂಗಳವಾರ

ಕಂಪ್ಯೂಟರು ಒಂದು ಚೀಟಿ ತಪ್ಪು ಕೊಟ್ಟಿದೆ ಎಂದು ಸುಬ್ಬಮ್ಮನಿಗೆ ಹೇಳಿದೆ, ಪದ್ಮಶ್ರೀಯದು. ಮೂರು ಸಲ ಕೇಳಿದರು, "ನನ್ ನೋಟ್‌ಬುಕ್ ತಪ್ಪಾ, ನಿನ್ ಮಿಷಿನ್ ತಪ್ಪಾ?" ನಮ್ಮದೇ ತಪ್ಪು ಎಂದೆ. "ನಮ್ಮದು" ಎಂದದ್ದು ನೆನೆದರೆ ನಾಚಿಕೆಯಾಗುತ್ತದೆ.

ಏಪ್ರಿಲ್ ೨೪, ಭಾನುವಾರ

ಸುಬ್ಬಮ್ಮನ ಜೊತೆ ಹೆಸರಘಟ್ಟಕ್ಕೆ ಹೋಗಿದ್ದೆ. ಬೇಡವೆಂದರೂ ಅವರೇ ಕರೆದುಕೊಂಡು ಹೋದರು, ಮಿಷಿನ್ನಿನ ವಿಷಯ ಕೇಳಿದರೆ ಹೇಳಲು ಒಬ್ಬರು ಬೇಕೆಂದು. ಅಲ್ಲಿ ನನ್ನನ್ನು ಬಾಯಿ ತೆರೆಯಲು ಬಿಡಲೇ ಇಲ್ಲ. ಒಳಗೆ ಕಾಲಿಡುತ್ತಿದ್ದಂತೆಯೇ ಕೈ ಮುಗಿದು, "ನನ್ ಕಣ್ಣಿಂದ ಆಗೋಯ್ತು ಕಣಪ್ಪ, ಇಂಗಾಗ್ತದೆ ಅಂತ ಅನ್ಕೊಂಡಿರ್ಲಿಲ್ಲ, ಬೈಯಿ, ಒಡಿ, ಏನಾರ ಮಾಡು" ಎಂದರು. ನಲವತ್ತು ವರ್ಷದಲ್ಲಿ ಆಕೆ ಯಾರ ಮನೆಯಲ್ಲೂ ಕೈ ಮುಗಿದವರಲ್ಲ.

ಪದ್ಮಶ್ರೀಯ ಅಪ್ಪ ಕಂಬ ಹಿಡಿದುಕೊಂಡು ಕೂತುಬಿಟ್ಟರು. ಮೂಲೆಯಲ್ಲಿ ಮದುವೆ ಕಾರ್ಡುಗಳ ಖಾಲಿ ಪೆಟ್ಟಿಗೆ ಇತ್ತು.

ಪದ್ಮಶ್ರೀ ನನ್ನನ್ನು ಹಿತ್ತಲಿಗೆ ಕರೆದಳು. ಇಪ್ಪತ್ತನಾಲ್ಕು ವರ್ಷ, ನರ್ಸಿಂಗ್ ಓದಿದವಳು, ಹಸುಗಳಿಗೆ ಹುಲ್ಲು ಹಾಕುತ್ತಲೇ ಮಾತಾಡಿದಳು.

"ಹುಡುಗನ ವಿಷ್ಯ ಬಿಡಿ ಅಕ್ಕ, ಎರಡು ಸಲ ಮಾತಾಡಿದ್ದೀನಿ ಅಷ್ಟೆ. ಅಪ್ಪ ಮುನ್ನೂರು ಮನೆಗೆ ಕಾರ್ಡ್ ಕೊಟ್ಟವ್ರೆ. ಈಗ ಮುನ್ನೂರು ಮನೆಗೂ ವಾಪಸ್ ಹೋಗಿ ಹೇಳ್ಬೇಕು. ಅದೇ ಸಂಕಟ."

"ಯಾವಾಗ ಕೊಟ್ರು?"

"ಹೋದ ಶನಿವಾರ, ಭಾನುವಾರ. ಹದಿನಾರು, ಹದಿನೇಳು." ಹುಲ್ಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಿಮ್ಗೆ ಯಾವತ್ತು ಗೊತ್ತಾಯ್ತು ಅಕ್ಕ?"

ಹದಿನೆಂಟು ಎಂದೆ. ಸಲೀಸಾಗಿ ಬಂತು ಬಾಯಿಗೆ.

ಬಸ್ಸಿನಲ್ಲಿ ಸುಬ್ಬಮ್ಮ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದರು. ಇಳಿಯುವಾಗ, "ಸದ್ಯ, ನಿಂದಾದ್ರೂ ನೆಟ್ಟಗಾಯ್ತಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಹೇಗೆ ಬಿಡಿಸಿಕೊಂಡೆನೋ ಗೊತ್ತಿಲ್ಲ.

ಏಪ್ರಿಲ್ ೨೬, ಮಂಗಳವಾರ

ನಾಗಭೂಷಣರಿಗೆ ಹೇಳಿಬಿಟ್ಟೆ.

ಅಂಗಡಿಗೆ ಹೋದೆ. ಸುತ್ತು ಮುಗಿಯುವವರೆಗೆ ಕಾದೆ. ಪಕ್ಕದ ಕೆಲಸದವರು ಟೀಗೆ ಹೋದ ಮೇಲೆ ಎಲ್ಲ ಹೇಳಿದೆ. ಡಬ್ಬಿ, ಖಾಲಿ, ಏಳು ಜೋಡಿ, ಪದ್ಮಶ್ರೀಯ ಅಪ್ಪ, ಐದನೆಯ ಸಾಲು. ಅಳಬಾರದು ಎಂದುಕೊಂಡೇ ಹೋಗಿದ್ದೆ, ಆಗಲಿಲ್ಲ.

ಐದಲ್ಲ, ಐವತ್ತು ಸೆಕೆಂಡ್ ಸುಮ್ಮನಿದ್ದರು. ಆಮೇಲೆ, "ನಿಮ್ಮನೆ ಕಾಂಪೌಂಡ್ ಗೋಡೆ ಒಂದು ಕಡೆ ಬಾಗಿದೆಯಲ್ಲ" ಎಂದರು.

ಹೌದು. ಅಲ್ಲೊಂದು ನೇರಳೆ ಮರ ಇದೆ. ಮೇಸ್ತ್ರಿ ಕಡಿಯೋಣ ಎಂದಾಗ ಅಪ್ಪ ಒಪ್ಪಲಿಲ್ಲ, ಗೋಡೆಯನ್ನೇ ಬಗ್ಗಿಸಿದರು. ನೇರಳೆಯವರು ನೇರಳೆ ಕಡಿಯುವುದಿಲ್ಲ.

"ಮೊದಲನೇ ದಿನಾನೇ ನೋಡಿದೆ. ನಮ್ಮಪ್ಪನೂ ಹಂಗೇನೆ, ನೇರಳೆ ಕಡ್ಡಿನೂ ಒಲೆಗೆ ಹಾಕಲ್ಲ. ಅನುಮಾನ ಬಂತು. ಚೀಟಿ ಇದೆಯಲ್ಲ, ಕೇಳೋ ಹಂಗಿಲ್ವಲ್ಲ ಅಂತ ಸುಮ್ನಾದೆ" ಎಂದರು. ಸ್ವಲ್ಪ ಬಿಟ್ಟು, "ಸುಳ್ಳು. ಮೇಲೆ ಬಂದು ನಿಮ್ ನಗು ಕೇಳಿದ್ಮೇಲೆ ಕೇಳೋಕೆ ಮನಸ್ಸು ಬರ್ಲಿಲ್ಲ" ಎಂದರು.

ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು, ಅವರ ತೋಳಿಗೆ ಮುಖ ಒರಗಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಈಗ ಏನ್ ಮಾಡೋದು?" ಎಂದೆ.

"ಆ ಸಾಲು ತೆಗೀರಿ."

"ತೆಗೆದ್ರೆ ಮುಗೀತು."

"ಚೀಟಿ ಮುಗಿಯುತ್ತೆ. ಒಂದನೇ ತಾರೀಕು ನಾನು ಬರ್ತೀನಿ, ಚೀಟಿ ಇಲ್ದೇನೆ ಬರ್ತೀನಿ. ಗೊತ್ತಿದ್ದೂ ಗೊತ್ತಿದ್ದೂ ನಿಮ್ಮಪ್ಪನ ಕೈಲಿ ತಾಂಬೂಲ ತಗೊಳಕ್ಕೆ ನಂಗಾಗಲ್ಲ ಸರಳಾ."

ಸರಳಾ ಎಂದು ಮೊದಲ ಸಲ ಕರೆದದ್ದು.

ಏಪ್ರಿಲ್ ೨೮, ಗುರುವಾರ

ಐದನೆಯ ಸಾಲು ತೆಗೆದೆ. ನನ್ನ ಚೀಟಿ ತೆಗೆದುಕೊಂಡು ಯಲಹಂಕ ಹಳೇ ಊರಿನ ಸುಬ್ಬಮ್ಮನ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು, ಕೈಬೆರಳಿನಿಂದಲೇ ಕಲ್ಲು ಹುಡುಕಿ. ಚೀಟಿ ಕೈಗಿಟ್ಟು, ಕೆಂಪು ಎಂದೆ. ತಾರೀಕುಗಳನ್ನೂ ಹೇಳಿದೆ. ಹನ್ನೆರಡಕ್ಕೆ ಗೊತ್ತಾಯಿತು, ಹದಿನಾರಕ್ಕೆ ಪದ್ಮಶ್ರೀಯ ಅಪ್ಪ ಕಾರ್ಡು ಹಂಚಲು ಹೊರಟರು, ಹದಿನೆಂಟಕ್ಕೆ ಮಿಕ್ಕವರದೆಲ್ಲ ಸರಿ ಮಾಡಿ ನನ್ನದೊಂದು ಉಳಿಸಿಕೊಂಡೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಕಣ್ ಕಾಣ್ಸಲ್ಲ ಅಂತ ಊರಿಗೇ ಗೊತ್ತು. ನಿಂಗೆ ಕಾಣ್ತಿತ್ತಲ್ಲ ಮಗ" ಎಂದರು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಆಟೋ ಹಿಡಿದು ನನ್ನ ಜೊತೆಯಲ್ಲೇ ಅಟ್ಟೂರಿಗೆ ಬಂದು, ಅಪ್ಪನ ಎದುರು ನಿಂತು ಎಲ್ಲ ಹೇಳಿದರು. ಹೇಳುವಾಗ ನನ್ನ ಸುಳ್ಳನ್ನು ಮಾತ್ರ ಬಿಟ್ಟರು. ಅದನ್ನು ನಾನೇ ಹೇಳಬೇಕಾಯಿತು.

ಅಪ್ಪ ಮೇ ಒಂದರ ಅಡುಗೆಯವರಿಗೆ ಫೋನ್ ಮಾಡಿ ಬರಬೇಡಿ ಎಂದರು. ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಮೇ ೧, ಭಾನುವಾರ

ಹನ್ನೊಂದು ಗಂಟೆಗೆ ನಾಗಭೂಷಣ ಬಂದರು, ಅವರಪ್ಪ ಚಿಕ್ಕಹನುಮಯ್ಯನವರೂ ಬಂದರು. ಮಗನ ಒತ್ತಾಯಕ್ಕೆ ಬಂದದ್ದು, ಮುಖ ನೋಡಿದರೇ ತಿಳಿಯುತ್ತಿತ್ತು. ಸುಬ್ಬಮ್ಮನನ್ನು ಅಮ್ಮನೇ ಹೇಳಿಕಳಿಸಿ ಕರೆಸಿದ್ದಳು. ಬೆಳಗಿನಿಂದ ನಾನು ಒಳಗೂ ಹೊರಗೂ ಎಷ್ಟು ಸಲ ತಿರುಗಿದೆನೋ, ಅಮ್ಮ "ಒಂದ್ಕಡೆ ಕೂತ್ಕೊಳೇ" ಎಂದು ಕೂಗಿದಳು.

ಅಪ್ಪ ಇಷ್ಟು ದಿನ ಕೇಳದಿದ್ದ ಮಾತನ್ನು ಕೇಳಿದರು. "ಯಾವ ಬೆಡಗಪ್ಪ?"

"ನೇರಳೆ" ಎಂದರು ನಾಗಭೂಷಣ.

"ನಮ್ದೂ ನೇರಳೆನೇ."

"ಗೊತ್ತು ಯಜಮಾನ್ರೇ. ಗೊತ್ತಿದ್ದೇ ಬಂದಿದ್ದೀನಿ. ಸರಳನ್ನ ಕೇಳೋಕೇ ಬಂದಿರೋದು."

ಚಿಕ್ಕಹನುಮಯ್ಯನವರು ಚಪ್ಪಲಿಯ ಕಡೆ ನೋಡುತ್ತಿದ್ದರು. ಆಗ ಅಮ್ಮ ಅಡುಗೆಮನೆಯಿಂದ ಬಂದು, ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಮನೆ ಇದಲ್ಲ ಎಂದು ಎಲೆ ಹಾಕಿದಳು. ಒಂದು ಎಲೆ ಅಪ್ಪನಿಗೆ, ಒಂದು ಅವರಪ್ಪನಿಗೆ, ಒಂದು ನಾಗಭೂಷಣರಿಗೆ. ಬಡಿಸುತ್ತ ಬಡಿಸುತ್ತ ಒಂದು ದಾರಿ ಹುಡುಕಿಕೊಂಡಿದ್ದಳು, ಪಾಪ. ಎಲ್ಲರ ಮುಖ ಉಳಿಯುವಂಥ ದಾರಿ.

"ನೋಡಪ್ಪ, ದೇವ್ರು ಮಾಡಿದ್ದಕ್ಕೆ ಏನೋ ಕಾರಣ ಇರುತ್ತೆ. ನಂಗೆ ಗಂಡು ಮಕ್ಕಳಿಲ್ಲ, ಇವಳಿಗೆ ಬೆನ್ನಿಗೊಬ್ಬ ಇಲ್ಲ. ಒಂದೇ ಬೆಡಗು ಅಂದ್ಮೇಲೆ ನೀನು ಈ ಮನೆ ಮಗ. ಹಬ್ಬಕ್ಕೆ ಹುಣ್ಣಿಮೆಗೆ ಬಾ, ಹೋಗು" ಎಂದಳು. ಕಣ್ಣಲ್ಲಿ ನೀರಿತ್ತು. ಆಟವಾಡುತ್ತಿರಲಿಲ್ಲ, ಮನಸಾರೆ ಹೇಳುತ್ತಿದ್ದಳು. ಅಪ್ಪನ ಹೆಗಲು ಇಳಿಯಿತು. ಚಿಕ್ಕಹನುಮಯ್ಯನವರು, "ದೊಡ್ಡ ಮಾತಾಡಿದ್ರಿ ತಾಯಿ" ಎಂದರು.

"ಸರಳಾ, ಬಾರೇ. ನಿಮ್ಮಣ್ಣಂಗೆ ತುಪ್ಪ ಬಡಿಸು."

ತುಪ್ಪದ ಗಿಂಡಿ ಹಿಡಿದು ನಾಗಭೂಷಣರ ಎಲೆಯ ಎದುರು ಬಗ್ಗಿದೆ. ಅವರು ತಲೆಯೆತ್ತಲಿಲ್ಲ. ಬಡಿಸಿದರೆ ಮುಗಿಯುತ್ತಿತ್ತು. ಅಪ್ಪ ನಾಳೆ ಮಾತಾಡುತ್ತಿದ್ದರು, ಸುಬ್ಬಮ್ಮನ ಹೆಸರು ಉಳಿಯುತ್ತಿತ್ತು, ದೀಪಾವಳಿಗೆ ಇವರು ನನಗೆ ಸೀರೆ ತರುತ್ತಿದ್ದರು.

"ಅಣ್ಣ ಅಲ್ಲಮ್ಮ" ಎಂದೆ.

"ಸುಮ್ನಿರು."

"ಅಣ್ಣಂಗೋಸ್ಕರ ಯಾರೂ ಹಂಗೆ ಸುಳ್ಳು ಹೇಳಲ್ಲಮ್ಮ. ಪದ್ಮಶ್ರೀ ಮನೆ ಹಿತ್ಲಲ್ಲಿ ನಿಂತ್ಕೊಂಡು, ಅವಳ ಮುಖ ನೋಡ್ಕೊಂಡು ಸುಳ್ಳು ಹೇಳಿದೆ. ಇವ್ರು ನಂಗೆ ಬೇಕು ಅಂತಾನೇ ಆ ಸುಳ್ಳು ಹೇಳಿದ್ದು. ಈಗ ಇವ್ರನ್ನ ಅಣ್ಣ ಅಂದ್ರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತೆ. ನನ್ ಕೈಲಿ ಆಗಲ್ಲ."

ಅಪ್ಪ ಎಲೆ ಮಡಚಿ ಎದ್ದು ಹೋದರು. ಚಿಕ್ಕಹನುಮಯ್ಯನವರೂ ಎದ್ದು, "ನಡಿಯೋ" ಎಂದರು. ನಾಗಭೂಷಣ ಏಳಲಿಲ್ಲ.

ಗಿಂಡಿ ಕೆಳಗಿಟ್ಟು, ಒಂದು ಎಲೆ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ. ಎಲೆಗೆ ನೀರು ಚಿಮುಕಿಸಿ ಒರೆಸಿದೆ. ಅಮ್ಮ ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಂದು ನನ್ನ ಎಲೆಗೆ ಅನ್ನ ಹಾಕಿದಳು. ಅವರ ಕಡೆ ತಿರುಗಿದಳು. ಮಗ ಎನ್ನಲಿಲ್ಲ, ಅಣ್ಣ ಎನ್ನಲಿಲ್ಲ, ಏನೆಂದೂ ಕರೆಯಲಿಲ್ಲ. "ಇನ್ನೊಂಚೂರು ಸಾರು ಹಾಕ್ಲಾ?" ಎಂದು ಕೇಳಿದಳು.